ಹದಿನಾಲ್ಕು ವರ್ಷದ ಹಳೇ ಸಂಚಿಕೆಗಳು: ಬಿಡಿಸಿ ಮಾರಲೋ, ಇಡಿಯಾಗಿ ಕೊಡಲೋ?

ಹಳೇಸಂಚಿಕೆ ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಒಂದು ವಿಷಯದಲ್ಲಿ ನಿಮ್ಮ ಸಲಹೆ ಬೇಕು. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ನಾನು ಆರು ವರ್ಷದಿಂದ ಹವ್ಯಾಸದ ಪತ್ರಿಕೆಗಳ ಹಳೇ ಸಂಚಿಕೆ ಕೊಂಡು ಆನ್‌ಲೈನಿನಲ್ಲಿ ಮಾರುತ್ತಿದ್ದೇನೆ. ರೇಡಿಯೊ, ಎಲೆಕ್ಟ್ರಾನಿಕ್ಸ್, ಫೋಟೊಗ್ರಫಿ, ಕ್ರಿಕೆಟ್, ತೋಟ, ಯಾವುದು ಸಿಕ್ಕರೂ ಸರಿ. ನೌಕರಿ ಬೇರೆ ಇದೆ, ಇದು ಭಾನುವಾರದ ಕೆಲಸ. ಇಲ್ಲಿನ ರದ್ದಿ ಅಂಗಡಿಯವರಿಗೆ ನನ್ನ ನಂಬರ್ ಗೊತ್ತು. ಪತ್ರಿಕೆಗಳ ಗಂಟು ಬಂದರೆ ಫೋನ್ ಮಾಡುತ್ತಾರೆ.

ಹೋದ ತಿಂಗಳು ಬಂದ ಫೋನ್ ಮಾತ್ರ ರದ್ದಿಯವರದ್ದಲ್ಲ. ಹಳೇ ಹುಬ್ಬಳ್ಳಿಯ ಒಂದು ಮನೆಯಿಂದ. ರೇಡಿಯೊ, ಟಿವಿ ರಿಪೇರಿ ಮಾಡುತ್ತಿದ್ದ ಹಿರಿಯರು ತೀರಿಕೊಂಡಿದ್ದರು. ಮಗಳು ಮಾತಾಡಿದರು. "ಅಪ್ಪಾರು ಕೂಡಿಟ್ಟ ಪುಸ್ತಕ ಅದಾವ್ರಿ. ರದ್ದಿಗೆ ಹಾಕಾಕ ಮನಸ್ಸು ಬರವಲ್ದು. ಒಮ್ಮೆ ಬಂದು ನೋಡ್ರಿ" ಅಂದರು.

ಅಟ್ಟದ ಮೇಲೆ ಎರಡು ಕಬ್ಬಿಣದ ಟ್ರಂಕು. ಒಳಗೆ ‘ಎಲೆಕ್ಟ್ರಾನಿಕ್ಸ್ ಫಾರ್ ಯು’, 1978ರಿಂದ 1991ರವರೆಗೆ. ದೆಹಲಿಯಿಂದ 1969ರಲ್ಲಿ ಶುರುವಾದ ಪತ್ರಿಕೆ ಇದು, ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರುತ್ತದೆ. ವರ್ಷಕ್ಕೊಂದು ಕಟ್ಟು. ಮೇಲೆ ಕೆಳಗೆ ರಟ್ಟು, ಸುತ್ತ ಸುತಳಿ, ರಟ್ಟಿನ ಮೇಲೆ ಇಸವಿ. 168 ಇರಬೇಕು, ಎಣಿಸಿದರೆ 161.

ಒಂದನ್ನು ತೆಗೆದು ನೋಡಿದೆ. 1983ರ ಮಾರ್ಚ್. ಪವರ್ ಸಪ್ಲೈ ಸರ್ಕ್ಯೂಟಿನ ಪಕ್ಕ ಪೆನ್ಸಿಲಿನಲ್ಲಿ ಬರೆದಿದ್ದರು: "ಎಸ್‌ಎಲ್ 100 ಭಾಳ ಬಿಸಿ ಆಗತದ. 1ಕೆ ತಗದು 2.2ಕೆ ಹಾಕೀನಿ. ಈಗ ಬರೋಬ್ಬರಿ." (ಎಸ್‌ಎಲ್ 100 ಒಂದು ಟ್ರಾನ್ಸಿಸ್ಟರ್; 1ಕೆ, 2.2ಕೆ ಅಂದರೆ ರೆಸಿಸ್ಟರ್.) ಪುಟದ ಅಂಚಿನಲ್ಲಿ ಬೆಸುಗೆ ಹನಿ ಬಿದ್ದು ಸುಟ್ಟ ಸಣ್ಣ ತೂತು, ಸುತ್ತ ಕಂದು ಉಂಗುರ. ಪುಸ್ತಕ ಮುಂದೆ ತೆರೆದಿಟ್ಟುಕೊಂಡೇ ಕೆಲಸ ಮಾಡಿದ್ದಾರೆ.

ಮಗಳು ರದ್ದಿ ರೇಟು ಕೊಟ್ಟರೆ ಸಾಕು ಅಂದರು. ತೂಕ ಹತ್ತಿರ 40 ಕಿಲೊ. ಕಿಲೊಗೆ 14 ರೂಪಾಯಿ ಅಂದರೆ 560 ರೂಪಾಯಿ. ಅಷ್ಟಕ್ಕೆ ಎತ್ತಿಕೊಂಡು ಬರಲು ನನ್ನಿಂದ ಆಗಲಿಲ್ಲ. 6,000 ಕೊಟ್ಟು ತಂದೆ.

ಈಗ ಪ್ರಶ್ನೆ. ಪುಣೆಯ ಒಬ್ಬರು 11 ಸಂಚಿಕೆ ಆರಿಸಿ ಒಂದೊಂದಕ್ಕೆ 300 ಕೊಡುತ್ತೇನೆ ಅನ್ನುತ್ತಿದ್ದಾರೆ. ಉಳಿದವನ್ನು ಬಿಡಿಯಾಗಿ ಸರಾಸರಿ 120ಕ್ಕೆ ಮಾರಬಹುದು. ಇನ್ನೊಂದು ಕಡೆ, ಇಲ್ಲಿನ ಒಂದು ಕಾಲೇಜಿನ ಮೇಷ್ಟ್ರು ತಮ್ಮ ವಿಭಾಗದ ಲೈಬ್ರರಿಗೆ ಪೂರ್ತಿ ಬೇಕು, 12,000ದ ಮೇಲೆ ಆಗಲ್ಲ ಅಂದಿದ್ದಾರೆ. ಏನು ಮಾಡಲಿ?

ಆಟದಪುಟ ಗದಗ

ಬಿಡಿಸಿ ಮಾರಿ ಸರ್. ಯಾಕೆ ಹೇಳುತ್ತೇನೆ ಕೇಳಿ.

ನಾನು ಕ್ರಿಕೆಟ್ ಪತ್ರಿಕೆ ಕೂಡಿಡುವವನು. ‘ಸ್ಪೋರ್ಟ್‌ಸ್ಟಾರ್’ 1978ರಲ್ಲಿ ಶುರುವಾಯಿತು. ಅಷ್ಟೂ ನನಗೆ ಬೇಕಿಲ್ಲ, ಇಡಲು ಜಾಗವೂ ಇಲ್ಲ. ನನಗೆ ಬೇಕಿದ್ದದ್ದು ಮುಖ್ಯವಾಗಿ ಒಂದು. 1999ರ ಸೆಪ್ಟೆಂಬರಿನಲ್ಲಿ ನಮ್ಮ ಗದಗಿನ ಸುನೀಲ್ ಜೋಶಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ಮೇಲೆ 10 ಓವರ್, 6 ಮೇಡನ್, 6 ರನ್, 5 ವಿಕೆಟ್ ಮಾಡಿದರಲ್ಲ, ಆ ಪಂದ್ಯದ ವರದಿ ಬಂದ ಸಂಚಿಕೆ. ಮೂರು ವರ್ಷ ಹುಡುಕಿದೆ. ಕೊನೆಗೆ ಬೆಂಗಳೂರಿನ ಒಬ್ಬರು ಒಂದೇ ಒಂದು ಸಂಚಿಕೆ ಕಳಿಸಿದರು. ಅವರು ‘ಇಡೀ ವರ್ಷದ ಕಟ್ಟು ತಗೊಂಡರೆ ಮಾತ್ರ ಕೊಡುತ್ತೇನೆ’ ಅಂದಿದ್ದರೆ ನನ್ನ ಕೈಗೆ ಅದು ಬರುತ್ತಲೇ ಇರಲಿಲ್ಲ. ಬೆಲೆ ಎಷ್ಟು ಅಂತ ಮನೆಯಲ್ಲಿ ಹೇಳಿಲ್ಲ, ಇಲ್ಲೂ ಹೇಳಲ್ಲ. ಆದರೆ ಅದು ನನ್ನ ಕಪಾಟಿನಲ್ಲಿದೆ, ಮಗನಿಗೆ ತೋರಿಸಿದ್ದೇನೆ.

ಒಂದು ಸಂಚಿಕೆ ಒಬ್ಬ ಮನುಷ್ಯನಿಗೆ ತಲುಪಬೇಕು. ಅದು ಬಿಡಿಸಿದರೆ ಮಾತ್ರ ಆಗುತ್ತದೆ.

ಸುಭಾಸರಸ್ತೆ ಓದುಗ, ಧಾರವಾಡ

ಗದಗಿನವರ ಮಾತು ಒಪ್ಪುತ್ತೇನೆ, ಆದರೆ ಆಟದ ಪತ್ರಿಕೆ ಬೇರೆ, ಇದು ಬೇರೆ. ಪಂದ್ಯದ ವರದಿ ಆ ಸಂಚಿಕೆಯಲ್ಲೇ ಮುಗಿಯುತ್ತದೆ. ಎಲೆಕ್ಟ್ರಾನಿಕ್ಸ್ ಪತ್ರಿಕೆಯಲ್ಲಿ ಹಾಗಲ್ಲ. ಒಂದು ತಿಂಗಳು ಸರ್ಕ್ಯೂಟ್ ಬರುತ್ತದೆ. ಅದನ್ನು ಮಾಡಿ ನೋಡಿದ ಓದುಗ ಪತ್ರ ಬರೆಯುತ್ತಾನೆ. ಎರಡು ಮೂರು ತಿಂಗಳ ನಂತರ ತಿದ್ದುಪಡಿ ಬರುತ್ತದೆ. ಸರ್ಕ್ಯೂಟ್ ಒಬ್ಬರ ಮನೆಗೆ, ತಿದ್ದುಪಡಿ ಇನ್ನೊಬ್ಬರ ಮನೆಗೆ ಹೋದರೆ ಇಬ್ಬರಿಗೂ ಉಪಯೋಗ ಇಲ್ಲ.

ಇನ್ನೊಂದು ಮಾತು. ಬಿಡಿಯಾಗಿ 120 ಅಂತ ಲೆಕ್ಕ ಹಾಕಿದಿರಿ. 161 ಸಂಚಿಕೆಗೆ 19 ಸಾವಿರ ದಾಟುತ್ತದೆ, ಸರಿ. ಆದರೆ ಹೋಗುವುದು ಎಷ್ಟು? ನನ್ನ ಅನುಭವದಲ್ಲಿ ಚೆನ್ನಾಗಿರುವ ನಲವತ್ತು ಬೇಗ ಹೋಗುತ್ತವೆ. ಉಳಿದ ನೂರಿಪ್ಪತ್ತು ನಿಮ್ಮ ಮನೆಯಲ್ಲೇ ಕೂರುತ್ತವೆ. ನಾಲ್ಕು ವರ್ಷದ ಮೇಲೆ ಅವನ್ನು ಕಿಲೊ ಲೆಕ್ಕದಲ್ಲೇ ಕೊಡುತ್ತೀರಿ. ನಾನೇ ಹಾಗೆ ಮಾಡಿದ್ದೇನೆ, ಈಗಲೂ ಬೇಜಾರಿದೆ.

ನಮ್ಮಲ್ಲಿ ‘ಕಸ್ತೂರಿ’ಗೆ ಆದದ್ದು ನೋಡಿ. ಹುಬ್ಬಳ್ಳಿಯದೇ ಪತ್ರಿಕೆ, 1956ರಿಂದ ಬಂದದ್ದು. ಹಳೇ ಸಂಚಿಕೆ ಈಗಲೂ ಸಿಗುತ್ತವೆ. ಆದರೆ ತೆರೆದು ನೋಡಿದರೆ ಒಂದು ಪುಸ್ತಕವನ್ನು ಸಂಗ್ರಹಿಸಿ ಕೊಡುತ್ತಿದ್ದ ಕೊನೆಯ ‘ಪುಸ್ತಕ ವಿಭಾಗ’ ಇರುವುದಿಲ್ಲ, ಯಾರೋ ಅದನ್ನಷ್ಟೇ ಕಿತ್ತು ಬೇರೆ ಬೈಂಡ್ ಮಾಡಿಸಿರುತ್ತಾರೆ. ಪಾ.ವೆಂ. ಆಚಾರ್ಯರ ‘ಪದಾರ್ಥ ಚಿಂತಾಮಣಿ’ ಅಂಕಣ ಬಂದ ಪುಟ ಇರುವುದಿಲ್ಲ, ಕತ್ತರಿಸಿ ಇಟ್ಟುಕೊಂಡಿರುತ್ತಾರೆ. ಪ್ರೀತಿಯಿಂದಲೇ ಕತ್ತರಿಸಿದ್ದು, ಬೈಯಲು ಆಗುವುದಿಲ್ಲ. ಆದರೆ ಪೂರ್ತಿ ಸಂಚಿಕೆ ಸಿಗುವುದು ಕಷ್ಟ ಆಗಿದೆ.

ಹಾನಗಲ್ ತೋಟ

ನಾನು ಕೊಳ್ಳುವವರ ಕಡೆಯಿಂದ ಹೇಳುತ್ತೇನೆ. ನಮ್ಮದು ಹಾವೇರಿ ಜಿಲ್ಲೆ, ಅಡಿಕೆ ನಡುವೆ ಮೆಣಸಿನ ಬಳ್ಳಿ ಹಬ್ಬಿಸಿದ್ದೇವೆ. ‘ಅಡಿಕೆ ಪತ್ರಿಕೆ’ಯ ಹಳೇ ಸಂಚಿಕೆ ಸಿಕ್ಕಲ್ಲಿ ಕೊಳ್ಳುತ್ತೇನೆ. ಪುತ್ತೂರಿನಿಂದ 1988ರಲ್ಲಿ ಶುರುವಾದ ಪತ್ರಿಕೆ, ಕೃಷಿಕರೇ ಬರೆಯುತ್ತಾರೆ. ಮೂವತ್ತು ವರ್ಷದ ಹಿಂದೆ ಒಬ್ಬರು ತಮ್ಮ ತೋಟದಲ್ಲಿ ಮಾಡಿ ನೋಡಿದ್ದು ಇವತ್ತೂ ನಮಗೆ ಕೆಲಸಕ್ಕೆ ಬರುತ್ತದೆ.

ಎರಡು ವರ್ಷದ ಹಿಂದೆ ಆನ್‌ಲೈನಿನಲ್ಲಿ ಒಬ್ಬರ ಹತ್ತಿರ 24 ಸಂಚಿಕೆ ಕೊಂಡೆ. ಫೋಟೊದಲ್ಲಿ ಮೇಲಿನ ಮುಖಪುಟ ಮಾತ್ರ ಕಾಣುತ್ತಿತ್ತು. ‘ಕಂಡೀಷನ್ ಸೂಪರ್’ ಅಂತ ಬರೆದಿದ್ದರು. ಬಂದ ಮೇಲೆ ನೋಡಿದರೆ ಐದರಲ್ಲಿ ಪುಟ ಕತ್ತರಿಸಿದ್ದರು, ಮೂರು ನೀರು ಬಿದ್ದು ಗಟ್ಟಿಯಾಗಿದ್ದವು. ಕೇಳಿದರೆ ನಂಬರ್ ಬ್ಲಾಕ್ ಮಾಡಿದರು. ಹಣ ಹೋಗಿದ್ದಕ್ಕಿಂತ, ನಾನು ಹುಡುಕುತ್ತಿದ್ದ ಲೇಖನವೇ ಆ ಕತ್ತರಿಸಿದ ಪುಟದಲ್ಲಿತ್ತು ಅನ್ನುವುದು ಜಾಸ್ತಿ ನೋವು.

ಅಣ್ಣಾ, ಬಿಡಿಯಾಗಿ ಮಾರಿ, ಇಡಿಯಾಗಿ ಮಾರಿ. ಪುಟ ಎಣಿಸಿ ಮಾರಿ. ಅಷ್ಟೇ ನನ್ನ ಬೇಡಿಕೆ.

ಹಳೇಸಂಚಿಕೆ ಹುಬ್ಬಳ್ಳಿ

ಅಕ್ಕಾರೇ, ನಿಮ್ಮ ಮಾತು ನೂರಕ್ಕೆ ನೂರು ನಿಜ. ನಾನೂ ಮೊದಲ ವರ್ಷ ಎಣಿಸುತ್ತಿರಲಿಲ್ಲ. ಒಮ್ಮೆ ಫೋಟೊಗ್ರಫಿ ಪತ್ರಿಕೆಯ ಒಂದು ಕಟ್ಟು ಮಾರಿದೆ, ಕೊಂಡವರು ನಡುವಿನ 8 ಪುಟ ಇಲ್ಲ ಅಂದರು. ಹಣ ವಾಪಸ್ ಮಾಡಿದೆ. ಆವತ್ತಿನಿಂದ ಕೂತು ಎಣಿಸುತ್ತೇನೆ.

ಎಣಿಸುವುದು ಕಷ್ಟ ಅಲ್ಲ. ನಡುವೆ ಪಿನ್ನು ಹೊಡೆದ ಪತ್ರಿಕೆಯಲ್ಲಿ ಒಂದು ಹಾಳೆ ಅಂದರೆ ನಾಲ್ಕು ಪುಟ. ಮುಂದಿನ ಅರ್ಧದಲ್ಲಿ ಯಾರಾದರೂ ಎಲೆ ಕಿತ್ತರೆ ಹಿಂದಿನ ಅರ್ಧದಲ್ಲಿ ಅದರ ಜೋಡಿ ಎಲೆ ಸಡಿಲ ಆಗಿರುತ್ತದೆ. ಪುಸ್ತಕವನ್ನು ಬೆನ್ನಿನಿಂದ ಹಿಡಿದು ನಿಧಾನ ಅಲುಗಿಸಿದರೆ ಆ ಎಲೆ ಕೆಳಗೆ ಜಾರುತ್ತದೆ. ಅಂಟಿನ ಬೈಂಡಿಂಗ್ ಇದ್ದರೆ ಹೀಗೆ ಗೊತ್ತಾಗಲ್ಲ, ಪುಟಸಂಖ್ಯೆ ನೋಡಲೇಬೇಕು. ಫೋಟೊದಲ್ಲಿ ಮುಖಪುಟದ ಜೊತೆ ಬೆನ್ನು, ನಡುಪುಟದ ಪಿನ್ನು, ಇದ್ದದ್ದರಲ್ಲಿ ಅತಿ ಕೆಟ್ಟ ಪುಟ, ಇಷ್ಟು ಹಾಕುತ್ತೇನೆ. ಕೆಟ್ಟ ಪುಟ ತೋರಿಸಿದ್ದರಿಂದ ಒಬ್ಬ ಗಿರಾಕಿಯೂ ಬಿಟ್ಟು ಹೋಗಿಲ್ಲ.

ಆಟದಪುಟ ಗದಗ

ಆಟದ ಪತ್ರಿಕೆ ಕೊಳ್ಳುವವರು ನಡುವಿನ ಪೋಸ್ಟರ್ ಇದೆಯಾ ಅಂತ ಮೊದಲು ಕೇಳಿ. ಹತ್ತರಲ್ಲಿ ಎಂಟರಲ್ಲಿ ಇರಲ್ಲ. ಎಲ್ಲರ ಮನೆ ಗೋಡೆಗೂ ಅಂಟಿಸಿದ್ದೆವಲ್ಲ.

ಬೆಟಗೇರಿ ಬೈಂಡಿಂಗ್

ನಾನು ಬೈಂಡಿಂಗ್ ಕೆಲಸದವನು. ಗದಗಿಗೆ ಮುದ್ರಣ ಕಾಶಿ ಅನ್ನುತ್ತಾರೆ, ನಮ್ಮ ಮನೆಯಲ್ಲಿ ಮೂರು ತಲೆಮಾರು ಇದೇ ಕೆಲಸ. ಮಾರುವ ವಿಷಯ ನೀವು ನೋಡಿಕೊಳ್ಳಿ, ಕಾಗದದ ವಿಷಯ ನಾನು ಹೇಳುತ್ತೇನೆ.

ಮೊದಲನೆಯದು, ಯಾರಾದರೂ ಈ ಕಟ್ಟುಗಳನ್ನು ದಪ್ಪ ರಟ್ಟು ಹಾಕಿಸಿ ಬೈಂಡ್ ಮಾಡಿಸಿ ಅಂದರೆ ಈಗಲೇ ಮಾಡಿಸಬೇಡಿ. ಹಿಂದೆ ನಾವೇ ಮಾಡಿದ ತಪ್ಪು ಅದು. ಬೈಂಡ್ ಮಾಡುವಾಗ ಮುಖಪುಟ ತೆಗೆದು ಹಾಕುತ್ತಿದ್ದೆವು, ಜಾಹೀರಾತಿನ ಪುಟ ತೆಗೆಯುತ್ತಿದ್ದೆವು, ಮೂರೂ ಕಡೆ ಕಟಿಂಗ್ ಹೊಡೆಯುತ್ತಿದ್ದೆವು. ನಿಮ್ಮ ಹಿರಿಯರು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದಾರೆ ಅಂದಿರಲ್ಲ, ಕಟಿಂಗ್ ಹೊಡೆದರೆ ಮೊದಲು ಹೋಗುವುದೇ ಆ ಅಕ್ಷರ.

ಎರಡನೆಯದು ಪಿನ್ನು. ಅಷ್ಟು ಹಳೇ ಪಿನ್ನು ತುಕ್ಕು ಹಿಡಿದಿರುತ್ತದೆ. ತುಕ್ಕು ಕಾಗದವನ್ನು ತಿನ್ನುತ್ತದೆ, ಪಿನ್ನಿನ ಸುತ್ತ ಕಾಗದ ಪುಡಿಯಾಗುತ್ತದೆ. ಎಳೆದು ಕೀಳಬೇಡಿ. ಒಳಗಡೆ ಮಡಚಿದ ಎರಡು ಕಾಲನ್ನು ಮೊಂಡ ಚಾಕುವಿನಿಂದ ಎತ್ತಿ ನಿಲ್ಲಿಸಿ, ಆಮೇಲೆ ಹೊರಗಿನಿಂದ ತೆಗೆಯಿರಿ. ಅದೇ ತೂತಿನಲ್ಲಿ ಹತ್ತಿ ದಾರ ಹಾಕಿ ಹೊಲಿಯಿರಿ. ಸೂಜಿ ಮೂರು ಸಲ ಹೋದರೆ ಸಾಕು.

ಹರಿದ ಪುಟಕ್ಕೆ ಸೆಲ್ಲೊಟೇಪು ಬೇಡವೇ ಬೇಡ. ಕೆಲವು ವರ್ಷಕ್ಕೆ ಟೇಪು ಬಿದ್ದು ಹೋಗುತ್ತದೆ, ಹಳದಿ ಅಂಟು ಅಲ್ಲೇ ಉಳಿಯುತ್ತದೆ. ಅದನ್ನು ತೆಗೆಯಲು ನಮ್ಮಿಂದಲೂ ಆಗಲ್ಲ. ಮೈದಾ ಅಂಟಿಗೆ ಹುಳ ಬರುತ್ತದೆ, ಅದಕ್ಕೆ ನಾವು ಅಂಟು ಕುದಿಸುವಾಗ ಚೂರು ಮೈಲುತುತ್ತ ಹಾಕುತ್ತೇವೆ. ಮನೆಯಲ್ಲಿ ಮಕ್ಕಳಿದ್ದರೆ ಆ ಕೆಲಸ ಮಾಡಬೇಡಿ, ಅದು ವಿಷ.

ಹಾನಗಲ್ ತೋಟ

ಕಾಕಾ, ನನ್ನ ಆ ಮೂರು ಗಟ್ಟಿಯಾದ ಸಂಚಿಕೆ ಬಿಡಿಸಲು ಆಗುತ್ತದಾ?

ಬೆಟಗೇರಿ ಬೈಂಡಿಂಗ್

ನುಣುಪು ಕಾಗದವಾ, ಸಾದಾ ಕಾಗದವಾ ಅದರ ಮೇಲೆ ಇದೆ ತಂಗಿ. ನುಣುಪು ಕಾಗದಕ್ಕೆ ಮೇಲೊಂದು ಲೇಪ ಇರುತ್ತದೆ. ಒದ್ದೆಯಾದಾಗ ಆ ಲೇಪ ಕರಗಿ ಪುಟಕ್ಕೆ ಪುಟ ಅಂಟುತ್ತದೆ. ಒಣಗಿದ ಮೇಲೆ ಬಿಡಿಸಲು ಹೋದರೆ ಅಕ್ಷರ ಆ ಕಡೆ, ಕಾಗದ ಈ ಕಡೆ ಆಗುತ್ತದೆ. ಒದ್ದೆ ಇರುವಾಗಲೇ ಪುಟದ ನಡುವೆ ಬೇರೆ ಹಾಳೆ ಇಟ್ಟು ನೆರಳಲ್ಲಿ ಒಣಗಿಸಿದ್ದರೆ ಉಳಿಯುತ್ತಿತ್ತು. ಸಾದಾ ಕಾಗದ ಆದರೆ ಆಸೆ ಇದೆ. ಗದಗಿಗೆ ಬಂದಾಗ ತನ್ನಿ, ನೋಡೋಣ. ಬಿಸಿಲಿಗೆ ಮಾತ್ರ ಇಡಬೇಡಿ.

ವಿದ್ಯಾನಗರ ಇಸಿ

ಸರ್, ನಾನು ಎಲೆಕ್ಟ್ರಾನಿಕ್ಸ್ ಓದುತ್ತಿದ್ದೇನೆ, ಮೂರನೇ ವರ್ಷ. ಇಷ್ಟು ದಿನ ಸುಮ್ನೆ ಓದುತ್ತಿದ್ದೆ, ಈಗ ಕೇಳಲೇಬೇಕು ಅನಿಸಿತು. ಆ ಪೆನ್ಸಿಲ್ ಟಿಪ್ಪಣಿಗಳ ಫೋಟೊ ಇನ್ನೊಂದಿಷ್ಟು ಸಿಗುತ್ತದಾ? ನಮಗೆ ಪುಸ್ತಕದಲ್ಲಿ ಸರ್ಕ್ಯೂಟ್ ಸಿಗುತ್ತದೆ. ಅದನ್ನು ಮಾಡಿದಾಗ ಏನು ಕೆಡುತ್ತದೆ ಅಂತ ಯಾರೂ ಬರೆದಿರಲ್ಲ. ಎಸ್‌ಎಲ್ 100 ಈಗ ಸಿಗುವುದು ಕಡಿಮೆ, ಆ ಜಾಗಕ್ಕೆ 2ಎನ್ 2219 ಹಾಕುತ್ತೇವೆ. ಆದರೆ ಬಿಸಿ ಆಗುವ ಕಾರಣ ಅದೇ ಅಲ್ವಾ?

ಪಿಡಿಎಫ್ ಮಾಡಿ ಮಾರಿದರೆ ನಮ್ಮಂಥವರಿಗೆ ಅಗ್ಗಕ್ಕೆ ಸಿಗುತ್ತದೆ. ಹಾಗೆ ಮಾಡಬಹುದಾ?

ಹಳೇಸಂಚಿಕೆ ಹುಬ್ಬಳ್ಳಿ

ಪಿಡಿಎಫ್ ಮಾಡಿ ಮಾರುವ ಹಾಗಿಲ್ಲ ತಮ್ಮಾ. ನನ್ನ ಕೈಯಲ್ಲಿರುವ ಪ್ರತಿಯನ್ನು ನಾನು ಮಾರಬಹುದು, ಅದು ಈಗಾಗಲೇ ಒಮ್ಮೆ ಮಾರಾಟವಾದ ಪ್ರತಿ. ಅದರಿಂದ ಹೊಸ ಪ್ರತಿ ಮಾಡಿ ಮಾರುವ ಹಕ್ಕು ನನಗಿಲ್ಲ. 1957ರ ಕಾಪಿರೈಟ್ ಕಾಯ್ದೆಯಲ್ಲಿ ಹಕ್ಕಿನ ಅವಧಿ ಲೇಖಕರ ಜೀವಮಾನದ ಮೇಲೆ 60 ವರ್ಷ. 1983ರ ಲೇಖನಕ್ಕೆ ಅದು ಇನ್ನೂ ದೂರ ಇದೆ. ಸ್ವಂತ ಅಭ್ಯಾಸಕ್ಕೆ ಒಂದು ಲೇಖನ ಜೆರಾಕ್ಸ್ ಮಾಡಿಕೊಳ್ಳುವುದು ಬೇರೆ, ಅದಕ್ಕೆ ಅವಕಾಶ ಇದೆ.

ಟಿಪ್ಪಣಿಯ ಫೋಟೊ ತೆಗೆಯುತ್ತೇನೆ. ಭಾನುವಾರದವರೆಗೆ ಸಮಯ ಕೊಡು.

ಸುಭಾಸರಸ್ತೆ ಓದುಗ, ಧಾರವಾಡ

ಅಷ್ಟರಲ್ಲಿ ಒಂದು ಸಂದೇಹ. ಮೊದಲೆಲ್ಲ ನಾನು ಹಳೇ ಪತ್ರಿಕೆಯನ್ನು ಅಂಚೆಯ ಕಡಿಮೆ ದರದ ಬುಕ್ ಪೋಸ್ಟಿನಲ್ಲಿ ಕಳಿಸುತ್ತಿದ್ದೆ. ಲೈನ್ ಬಜಾರಿನಿಂದ ನಡೆದುಕೊಂಡು ಹೋಗಿ ಹಾಕಿ ಬರುತ್ತಿದ್ದೆ. ಈಗ ಆಗಲ್ಲ ಅನ್ನುತ್ತಾರೆ. ನೀವೆಲ್ಲ ಹೇಗೆ ಕಳಿಸುತ್ತೀರಿ?

ಹಳೇಸಂಚಿಕೆ ಹುಬ್ಬಳ್ಳಿ

ಸರ್, ಅದೇ ಈಗ ನಮ್ಮ ದೊಡ್ಡ ತಲೆನೋವು. 2025ರ ಮೇ 1ರಿಂದ ಅಂಚೆಯವರು ‘ಜ್ಞಾನ ಪೋಸ್ಟ್’ ತಂದರು. ಪುಸ್ತಕಕ್ಕೆ ಬಹಳ ಒಳ್ಳೆಯದು. 300 ಗ್ರಾಂವರೆಗೆ 20 ರೂಪಾಯಿ, 5 ಕಿಲೊಗೆ 100 ರೂಪಾಯಿ, ಮೇಲೆ ತೆರಿಗೆ. ಆದರೆ ನಿಯತಕಾಲಿಕೆ, ಜಾಹೀರಾತು ಇರುವ ಪ್ರಕಟಣೆ ಅದರಲ್ಲಿ ಹೋಗುವ ಹಾಗಿಲ್ಲ. ನಮ್ಮದು ಎರಡೂ ಆಯಿತು. ಸುಳ್ಳು ಹೇಳಿ ಪುಸ್ತಕ ಅಂತ ಹಾಕಬೇಡಿ, ತೆರೆದು ನೋಡಿದರೆ ಕಳಿಸಿದವರಿಗೇ ತೊಂದರೆ. ರಿಜಿಸ್ಟರ್ಡ್ ಪೋಸ್ಟ್ 2025ರ ಸೆಪ್ಟೆಂಬರ್ 1ರಿಂದ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಯಿತು. ಹಾಗಾಗಿ ಒಂದೆರಡು ಸಂಚಿಕೆ ಆದರೆ ಸ್ಪೀಡ್ ಪೋಸ್ಟ್, ಕಟ್ಟು ಆದರೆ ಪಾರ್ಸೆಲ್. ಬೆಂಗಳೂರು, ಬೆಳಗಾವಿ ಕಡೆಗೆ ದೊಡ್ಡ ಗಂಟು ಇದ್ದರೆ ಸರಕಾರಿ ಬಸ್ಸಿನ ‘ನಮ್ಮ ಕಾರ್ಗೊ’ಗೆ ಹಾಕುತ್ತೇನೆ, ಕೊಂಡವರು ಬಸ್ ಸ್ಟ್ಯಾಂಡಿಗೆ ಬಂದು ತಗೊಳ್ಳುತ್ತಾರೆ.

100 ರೂಪಾಯಿಯ ಸಂಚಿಕೆಗೆ ಅಂಚೆ ಖರ್ಚು ಸೇರಿದರೆ ಕೊಳ್ಳುವವರು ಹಿಂದೆ ಸರಿಯುತ್ತಾರೆ. ಬಿಡಿ ಮಾರಾಟದ ಲೆಕ್ಕ ತಪ್ಪುವುದು ಇಲ್ಲೇ.

ಪ್ಯಾಕಿಂಗ್ ಬಗ್ಗೆ ಒಂದೇ ಮಾತು. ಸುತಳಿ ನೇರವಾಗಿ ಪತ್ರಿಕೆಗೆ ತಾಗಬಾರದು, ಅಂಚು ಕತ್ತರಿಸುತ್ತದೆ. ಅಂಗಿ ಹಾಕಿ ಕೊಡುವ ಪಾರದರ್ಶಕ ಕವರಿನಲ್ಲಿ ಹಾಕಿ, ಎರಡೂ ಕಡೆ ರಟ್ಟು ಕೊಟ್ಟು ಆಮೇಲೆ ಕಟ್ಟಿ.

ಆಟದಪುಟ ಗದಗ

ಹಣದ ವಿಷಯವೂ ಹೇಳಿ ಸರ್. ಇಬೇ ಇಂಡಿಯಾ 2018ರಲ್ಲಿ ಮುಚ್ಚಿದ ಮೇಲೆ ನಮ್ಮದೆಲ್ಲ ವಾಟ್ಸಾಪ್, ಫೇಸ್‌ಬುಕ್ ಮೇಲೆ ನಡೆಯುತ್ತದೆ. ನಡುವೆ ಯಾರೂ ಇಲ್ಲ. ನನ್ನ ಗೆಳೆಯ ಒಂದು ಕಟ್ಟು ಮಾರಲು ಹಾಕಿದ. ಕೊಳ್ಳುತ್ತೇನೆ ಅಂದವನು ಒಂದು ಕ್ಯೂಆರ್ ಕೋಡ್ ಕಳಿಸಿ ‘ಸ್ಕ್ಯಾನ್ ಮಾಡಿ ಪಿನ್ ಹಾಕಿ, ಹಣ ಬರುತ್ತದೆ’ ಅಂದ. ಇವನು ಹಾಕಿದ. 4,000 ಹೋಯಿತು. ಹಣ ಪಡೆಯಲು ಪಿನ್ ಹಾಕುವುದೇ ಇಲ್ಲ, ಇದೊಂದು ನೆನಪಿರಲಿ. ಮೋಸ ಆದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಹಳೇಸಂಚಿಕೆ ಹುಬ್ಬಳ್ಳಿ

ಭಾನುವಾರ ಆಯಿತು. ಫೋಟೊ ತೆಗೆಯಲು ಕೂತೆ. ಬೆಳಿಗ್ಗೆ ಶುರು ಮಾಡಿದ್ದು, ಊಟ ಮರೆತೆ.

ನಾನು ಅಂದುಕೊಂಡದ್ದು ಅಲ್ಲಲ್ಲಿ ನಾಲ್ಕು ಟಿಪ್ಪಣಿ ಇರಬಹುದು ಅಂತ. ಹಾಗಲ್ಲ. 1983ರ ಮಾರ್ಚಿನ ಆ ಪವರ್ ಸಪ್ಲೈ ಪುಟದ ಕೆಳಗೆ ಸಣ್ಣದಾಗಿ "84 ಜೂನ್ ನೋಡು" ಅಂತ ಇದೆ. 84ರ ಜೂನ್ ತೆಗೆದರೆ ಅಲ್ಲಿ ಒಂದು ಆಂಪ್ಲಿಫಯರ್. ಪಕ್ಕದಲ್ಲಿ "ಇದಕ್ಕ 83 ಮಾರ್ಚಿನ ಸಪ್ಲೈ ಕೊಟ್ಟೆ, ಗುಂಯ್ ಅನ್ನೋದು ಹೋತು. 86 ಅಕ್ಟೋಬರ್ ಸಹ ನೋಡು." 86ರ ಅಕ್ಟೋಬರಿನಲ್ಲಿ ಓದುಗರ ಪತ್ರದ ಪುಟಕ್ಕೆ ಗೀಟು ಹಾಕಿದ್ದಾರೆ. ಹೀಗೆ ಒಂದರಿಂದ ಇನ್ನೊಂದಕ್ಕೆ. ಹದಿನಾಲ್ಕು ವರ್ಷವೂ ಒಂದಕ್ಕೊಂದು ಹೊಲಿದ ಹಾಗಿದೆ. 161ರಲ್ಲಿ 90ಕ್ಕಿಂತ ಜಾಸ್ತಿ ಸಂಚಿಕೆಯಲ್ಲಿ ಇನ್ನೊಂದು ಸಂಚಿಕೆಯ ಹೆಸರು ಬರುತ್ತದೆ.

ಪುಣೆಯವರು ಕೇಳಿದ 11ರಲ್ಲಿ 84ರ ಜೂನ್ ಕೂಡ ಇತ್ತು. ಅವರಿಗೆ ಫೋನ್ ಮಾಡಿ ಆಗಲ್ಲ ಅಂದೆ. ಕಾರಣ ಹೇಳಿದೆ. ಅವರೂ ಹಳೇ ರೇಡಿಯೊ ಮಂದಿ, ಅರ್ಥ ಮಾಡಿಕೊಂಡರು.

ವಿದ್ಯಾನಗರ ಇಸಿ

ಸರ್, ಕಾಲೇಜಿಗೆ ಕೊಟ್ಟರೆ ಬೀರುವಿನಲ್ಲಿ ಬೀಗ ಹಾಕಿ ಇಡುತ್ತಾರೆ ಅನ್ನುವ ಭಯ ನನಗೆ. ಜಾಗ ಸಾಲದೆ ಹಳೇ ಪತ್ರಿಕೆ ವಿಲೇವಾರಿ ಮಾಡುವುದನ್ನೂ ಒಂದು ಕಡೆ ನೋಡಿದ್ದೇನೆ.

ಹಳೇಸಂಚಿಕೆ ಹುಬ್ಬಳ್ಳಿ

ಆ ಭಯ ನನಗೂ ಇತ್ತು. ಅದಕ್ಕೆ ಬುಧವಾರ ರಜೆ ಹಾಕಿ ಹೋಗಿ ನೋಡಿ ಬಂದೆ. ಅವರು ಇಡುವುದು ಲೈಬ್ರರಿಯಲ್ಲಲ್ಲ, ಲ್ಯಾಬಿನಲ್ಲಿ, ಬೆಸುಗೆ ಮೇಜಿನ ಪಕ್ಕದ ತೆರೆದ ಕಪಾಟಿನಲ್ಲಿ. ಮೇಷ್ಟ್ರಿಗೆ ಎರಡು ಮಾತು ಹೇಳಿದೆ. ಬೈಂಡ್ ಮಾಡಿಸಬಾರದು. ಯಾವತ್ತಾದರೂ ಬೇಡ ಅನಿಸಿದರೆ ರದ್ದಿಗೆ ಹಾಕುವ ಮೊದಲು ನನಗೆ ಫೋನ್ ಮಾಡಬೇಕು. ಎರಡನ್ನೂ ಲೆಟರ್‌ಹೆಡ್ಡಿನಲ್ಲಿ ಬರೆದುಕೊಟ್ಟರು. ಹೊರಗಿನ ಹುಡುಗರೂ ಶನಿವಾರ ಬಂದು ಓದಬಹುದು ಅಂದರು. ನೀನೂ ಹೋಗು ತಮ್ಮಾ.

12,000ಕ್ಕೆ ಒಪ್ಪಿದೆ. ಮಗಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ನನ್ನ ಖರ್ಚು ಕಳೆದು ಉಳಿದದ್ದರಲ್ಲಿ ಅರ್ಧ ಅವರಿಗೆ ಕೊಡುತ್ತೇನೆ ಅಂದರೆ ಬೇಡ ಅಂದರು. ಆ ಬೆಸುಗೆ ಹನಿ ಬಿದ್ದ ಸಂಚಿಕೆ ಒಂದು ಮಾತ್ರ ವಾಪಸ್ ಸಿಗುತ್ತದಾ ಅಂತ ಕೇಳಿದರು. ಅವರು ಚಿಕ್ಕವರಿದ್ದಾಗ ಆ ಹನಿ ಬಿದ್ದದ್ದು, ಪಕ್ಕದಲ್ಲೇ ಕೂತಿದ್ದರಂತೆ.

ಕೊಡಲೇಬೇಕು. ಆದರೆ ಆ ಜಾಗ ಖಾಲಿ ಆಗುತ್ತದೆ. ಯಾರ ಹತ್ತಿರವಾದರೂ 1983 ಮಾರ್ಚ್ ಇದೆಯಾ? ಮಗಳ ಸಂಚಿಕೆಯ ಟಿಪ್ಪಣಿ ಪುಟ ಜೆರಾಕ್ಸ್ ಮಾಡಿ ಅದರೊಳಗೆ ಇಡುತ್ತೇನೆ.

ಸುಭಾಸರಸ್ತೆ ಓದುಗ, ಧಾರವಾಡ

ನನ್ನ ಹತ್ತಿರ 1983ರ ಬಿಡಿ ಸಂಚಿಕೆ ನಾಲ್ಕಿವೆ. ತಡೆಯಿರಿ, ನೋಡಿ ಹೇಳುತ್ತೇನೆ.

ಮಾರ್ಚ್ ಇದೆ. ಹಿಂಬದಿಯ ಹೊರಪುಟ ಇಲ್ಲ, ಒಳಗೆ ಪುಟ ಎಣಿಸಿದೆ, ಎಲ್ಲ ಸರಿ ಇವೆ. ಹಣ ಬೇಡ. ನಾಳೆ ಸಂಜೆ ನನಗೆ ಹುಬ್ಬಳ್ಳಿಗೆ ಬರುವ ಕೆಲಸ ಇದೆ, ಚಿಗರಿ ಬಸ್ಸಿಗೆ ಬರುತ್ತೇನೆ. ಉಣಕಲ್ ಸ್ಟಾಪಿನಲ್ಲಿ ಆರು ಗಂಟೆಗೆ ಸಿಗಿ. ಸಿಗದ ಆ ಏಳು ಸಂಚಿಕೆ ಯಾವುವು, ಅದನ್ನೂ ಇಲ್ಲಿ ಹಾಕಿ.

ಹಳೇಸಂಚಿಕೆ ಹುಬ್ಬಳ್ಳಿ

ಬಹಳ ಉಪಕಾರ ಸರ್. ಆರಕ್ಕೆ ಮೊದಲೇ ಅಲ್ಲಿರುತ್ತೇನೆ, ಕೈಯಲ್ಲಿ ಹಸಿರು ಚೀಲ ಇರುತ್ತದೆ.

ಬೇಕಾಗಿರುವವು: 1979 ಫೆಬ್ರುವರಿ, 1980 ನವೆಂಬರ್, 1984 ಜುಲೈ ಮತ್ತು ಆಗಸ್ಟ್, 1987 ಮೇ, 1990 ಜನವರಿ, 1991 ಡಿಸೆಂಬರ್. 84ರ ಜುಲೈ ಮೊದಲು ಬೇಕು. ಅಜ್ಜಾರು ಮೂರು ಕಡೆ "84 ಜುಲೈ ನೋಡು" ಅಂತ ಬರೆದಿದ್ದಾರೆ.